ಹಡಗು, ಟ್ರಾಮ್, ಹಳೆಯ ಸ್ಪೋರ್ಟ್ಸ್ ಕಾರು: ಮೂರನ್ನೂ ಚೆನ್ನಾಗಿ ಫೋಟೋ ತೆಗೆಯೋದು ಹೇಗೆ?

ಹಡಗು ಒಂದೇ ಸಲ ಹಾದುಹೋಗುತ್ತದೆ. ಟ್ರಾಮ್ ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ಹಳೆಯ ಕಾರು ನಿಂತಲ್ಲೇ ನಿಂತಿರುತ್ತದೆ, ಅದರ ಸುತ್ತ ಓಡಾಡಬೇಕಾದವರು ನಾವು. ಈ ಮೂರನ್ನೂ ಬೆನ್ನುಹತ್ತಿ ಫೋಟೋ ತೆಗೆದ ಮೇಲೆ ನನಗೆ ಅರ್ಥವಾದದ್ದು ಇಷ್ಟೇ: ಮೂರೂ ಬಣ್ಣ ಬಳಿದ ಲೋಹ, ಆದರೆ ಮೂರೂ ಬೇರೆ ಬೇರೆ ಪಾಠ ಕಲಿಸುತ್ತವೆ. ಹಡಗು ಮೊದಲೇ ಲೆಕ್ಕ ಹಾಕುವುದನ್ನು ಕಲಿಸುತ್ತದೆ. ಟ್ರಾಮ್ ತಪ್ಪು ಮಾಡಿ ತಿದ್ದಿಕೊಳ್ಳುವುದನ್ನು ಕಲಿಸುತ್ತದೆ. ಕಾರು ಬೆಳಕು ನೋಡುವುದನ್ನು ಕಲಿಸುತ್ತದೆ. ಅದಕ್ಕೇ ಈ ಬರಹದಲ್ಲಿ ಮೂರನ್ನೂ ಒಂದೇ ರೀತಿ ಹೇಳಲು ಹೋಗಿಲ್ಲ.

ಒಂದು ಮಾತು ಮಾತ್ರ ಮೂರಕ್ಕೂ ಅನ್ವಯಿಸುತ್ತದೆ. ವಾಹನದ ಹಿಂದೆ ಓಡಬೇಡಿ. ಮೊದಲು ಒಳ್ಳೆಯ ಜಾಗ ಹುಡುಕಿ, ಅಲ್ಲಿ ಬೆಳಕು ಯಾವಾಗ ಚೆನ್ನಾಗಿರುತ್ತದೆ ಅಂತ ನೋಡಿ. ವಾಹನ ಬಂದು ಆ ಚೌಕಟ್ಟಿನೊಳಗೆ ಕೂರಲಿ.

ಚೀಲದಲ್ಲಿ ಏನಿರಬೇಕು

ಜಾಸ್ತಿ ಏನೂ ಬೇಡ. ಶಟರ್ ವೇಗವನ್ನು ಕೈಯಲ್ಲಿ ಬದಲಿಸಲು ಬರುವ ಯಾವುದೇ ಕ್ಯಾಮೆರಾ ಸಾಕು. 24-70 ಎಂಎಂ ಒಂದು, 70-200 ಅಥವಾ 70-300 ಎಂಎಂ ಒಂದು, ಹೀಗೆ ಎರಡು ಲೆನ್ಸ್ ಇದ್ದರೆ ಮೂರೂ ಕೆಲಸ ನಡೆಯುತ್ತದೆ. ಅಲುಗಾಡದ ಟ್ರೈಪಾಡ್ ಬೇಕು. ಪೋಲರೈಸರ್ ಫಿಲ್ಟರ್ ಬೇಕೇ ಬೇಕು, ಕಾರಿನ ವಿಷಯಕ್ಕೆ ಬಂದಾಗ ಯಾಕೆ ಅಂತ ಗೊತ್ತಾಗುತ್ತದೆ. ಲೆನ್ಸ್ ಒರೆಸುವ ಮೆತ್ತನೆಯ ಬಟ್ಟೆ ಎರಡು ಇಟ್ಟುಕೊಳ್ಳಿ. ಸಮುದ್ರದ ಗಾಳಿಯಲ್ಲಿ ಉಪ್ಪಿನ ಹನಿಗಳು ಲೆನ್ಸ್ ಮೇಲೆ ಕೂರುತ್ತವೆ. ಒಂದು ಬಟ್ಟೆ ಒದ್ದೆಯಾದರೆ ಇನ್ನೊಂದು ಬೇಕಾಗುತ್ತದೆ.

ಫೋಟೋವನ್ನು ರಾ ಫೈಲ್‌ನಲ್ಲೇ (ಸೆನ್ಸರ್ ಕಂಡದ್ದನ್ನು ಕುಗ್ಗಿಸದೆ ಉಳಿಸುವ ಫೈಲ್) ತೆಗೆಯಿರಿ. ಬಿಳಿ ಬಣ್ಣದ ಹಡಗಿನ ಕಟ್ಟಡ, ಕಪ್ಪು ಒಡಲು, ಹೊಳೆಯುವ ಕ್ರೋಮ್, ಕತ್ತಲೆಯ ಟ್ರಾಮ್ ಚಕ್ರಗಳು, ಹೀಗೆ ತೀರಾ ಬೆಳ್ಳಗಿನದೂ ತೀರಾ ಕಪ್ಪಗಿನದೂ ಒಂದೇ ಚೌಕಟ್ಟಿನಲ್ಲಿರುತ್ತವೆ. ಜೆಪೆಗ್‌ನಲ್ಲಿ ಒಂದಲ್ಲ ಒಂದು ಕೈತಪ್ಪುತ್ತದೆ.

ಸರಕು ಹಡಗು: ಮನೆಯಲ್ಲೇ ಶುರುವಾಗುವ ಕೆಲಸ

ಹಡಗಿನ ಫೋಟೋದಲ್ಲಿ ಮುಕ್ಕಾಲು ಪಾಲು ಕೆಲಸ ಕ್ಯಾಮೆರಾ ಮುಟ್ಟುವ ಮೊದಲೇ ಮುಗಿದಿರುತ್ತದೆ.

ಮೊದಲ ಹೆಜ್ಜೆ, ಯಾವ ಹಡಗು ಯಾವಾಗ ಬರುತ್ತದೆ ಅಂತ ತಿಳಿದುಕೊಳ್ಳುವುದು. ಅಂತರರಾಷ್ಟ್ರೀಯ ಯಾನ ಮಾಡುವ 300 ಗ್ರಾಸ್ ಟನ್ನಿಗಿಂತ ದೊಡ್ಡ ಹಡಗುಗಳೆಲ್ಲ ಎಐಎಸ್ ಎಂಬ ಸಾಧನ ಇಟ್ಟುಕೊಂಡಿರಬೇಕು. 2004ರ ಕೊನೆಯ ಹೊತ್ತಿಗೆ ಈ ನಿಯಮ ಪೂರ್ತಿ ಜಾರಿಗೆ ಬಂತು. ಹಡಗು ಚಲಿಸುತ್ತಿರುವಾಗ ಕೆಲವು ಸೆಕೆಂಡಿಗೊಮ್ಮೆ ತನ್ನ ಜಾಗ, ವೇಗ, ದಿಕ್ಕನ್ನೂ, ಕೆಲವು ನಿಮಿಷಕ್ಕೊಮ್ಮೆ ತನ್ನ ಹೆಸರನ್ನೂ ಹೇಳುತ್ತಾ ಹೋಗುತ್ತದೆ. ಮರೀನ್‌ಟ್ರಾಫಿಕ್, ವೆಸಲ್‌ಫೈಂಡರ್‌ನಂಥ ತಾಣಗಳಲ್ಲಿ ಅದನ್ನು ನಕ್ಷೆಯ ಮೇಲೆ ನೋಡಬಹುದು. ಒಂದು ಎಚ್ಚರಿಕೆ: ಹಡಗು ಎಲ್ಲಿಗೆ ಹೊರಟಿದೆ, ಯಾವಾಗ ಮುಟ್ಟುತ್ತದೆ ಎಂಬುದನ್ನು ಹಡಗಿನವರು ಕೈಯಿಂದ ಟೈಪ್ ಮಾಡುತ್ತಾರೆ. ಹೋದ ಬಂದರಿನ ಹೆಸರೇ ಹಾಗೇ ಉಳಿದುಬಿಟ್ಟಿರುತ್ತದೆ ಎಷ್ಟೋ ಸಲ. ನಾನು ಒಮ್ಮೆ ಆ ಸಮಯ ನಂಬಿಕೊಂಡು ಮೂರು ಗಂಟೆ ಗಾಳಿಯಲ್ಲಿ ನಿಂತಿದ್ದೆ. ಹಡಗು ಹೊರಗಡೆ ಲಂಗರು ಹಾಕಿ ಆರಾಮಾಗಿ ನಿಂತಿತ್ತು. ಆಮೇಲಿಂದ ನಾನು ನೋಡುವುದು ವೇಗ ಮತ್ತು ದಿಕ್ಕು ಎರಡೇ. ಅವು ಯಂತ್ರ ಹೇಳುವ ಮಾತು, ಸುಳ್ಳು ಕಮ್ಮಿ.

ಎರಡನೇ ಹೆಜ್ಜೆ, ಜಾಗ. ತೆರೆದ ಸಮುದ್ರದ ದಂಡೆಗಿಂತ ನದಿ, ಕಾಲುವೆ, ಜಲಸಂಧಿಗಳು ಎಷ್ಟೋ ಪಾಲು ಉತ್ತಮ. ಹಡಗು ಹತ್ತಿರ ಬರುತ್ತದೆ, ಹಿಂದೆ ಏನಾದರೂ ಕಾಣುತ್ತದೆ. ಇಸ್ತಾಂಬುಲ್‌ನ ಬಾಸ್ಫರಸ್ ಜಲಸಂಧಿ ಅತಿ ಕಿರಿದಾದ ಕಡೆ ಸುಮಾರು 700 ಮೀಟರ್ ಅಷ್ಟೇ. ದೈತ್ಯ ಹಡಗುಗಳು ಮನೆ, ಮಸೀದಿಗಳ ಪಕ್ಕದಲ್ಲೇ ತಿರುಗಿಕೊಂಡು ಹೋಗುತ್ತವೆ. ಹ್ಯಾಂಬರ್ಗ್ ಬಂದರಿಗೆ ಹೋಗುವ ಎಲ್ಬೆ ನದಿಯ ದಂಡೆಯಲ್ಲಿ ವೇಡೆಲ್ ಎಂಬ ಊರಿದೆ. ಅಲ್ಲಿ 1952ರಿಂದ ಹಾದುಹೋಗುವ ದೊಡ್ಡ ಹಡಗುಗಳಿಗೆ ಅವುಗಳ ದೇಶದ ರಾಷ್ಟ್ರಗೀತೆ ನುಡಿಸಿ ಸ್ವಾಗತ ಕೋರುತ್ತಾರೆ. ಫೋಟೋ ತೆಗೆಯುವವರಿಗೆ ಅದೊಂದು ಅಲಾರಂ ಇದ್ದ ಹಾಗೆ! ಪನಾಮಾ ಕಾಲುವೆಯ ಹಳೆಯ ಲಾಕ್‌ಗಳ (ಹಡಗನ್ನು ಏರಿಸಿ ಇಳಿಸುವ ನೀರಿನ ತೊಟ್ಟಿಗಳ) ಅಗಲ 33.5 ಮೀಟರ್. ಅದಕ್ಕೆಂದೇ ಅಳತೆ ಹಾಕಿ ಕಟ್ಟಿದ ಹಡಗುಗಳು 32.3 ಮೀಟರ್ ಅಗಲ. ಎರಡೂ ಬದಿಯಲ್ಲಿ ಸುಮಾರು ಎರಡೆರಡು ಅಡಿಯಷ್ಟೇ ಜಾಗ ಉಳಿಯುವ ಆ ದೃಶ್ಯವನ್ನು ಮಿರಾಫ್ಲೋರೆಸ್ ಲಾಕ್‌ನ ವೀಕ್ಷಣಾ ಮಾಳಿಗೆಯಿಂದ ತೆಗೆಯಬಹುದು.

ಬಂದರಿನ ಒಳಗಿನ ವಿಷಯ ಬೇರೆ. 2004ರ ಜುಲೈ 1ರಿಂದ ಜಾರಿಯಲ್ಲಿರುವ ಭದ್ರತಾ ನಿಯಮಗಳ ಕಾರಣ ಟರ್ಮಿನಲ್ ಒಳಗೆ ಸುಮ್ನೆ ಹೋಗಲು ಬಿಡುವುದಿಲ್ಲ. ಬೇಲಿಯ ಹೊರಗಿನ ಸಾರ್ವಜನಿಕ ಜಾಗದಿಂದಲೇ ತೆಗೆಯಿರಿ. ಅಲ್ಲೂ ಫೋಟೋ ತೆಗೆಯಬಾರದು ಎಂಬ ಫಲಕ ಇದೆಯಾ ಅಂತ ನೋಡಿ. ಡ್ರೋನ್ ಹಾರಿಸುವ ಆಸೆಯಿದ್ದರೆ ಮೊದಲು ಅನುಮತಿ, ಆಮೇಲೆ ಬ್ಯಾಟರಿ.

ಮೂರನೇ ಹೆಜ್ಜೆ, ಲೆನ್ಸಿನ ಲೆಕ್ಕ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ತುಂಬಾ ಸುಲಭ. ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ ಅಗಲ 36 ಎಂಎಂ. ಹಡಗು ಇರುವ ದೂರವನ್ನು 36ರಿಂದ ಗುಣಿಸಿ, ಲೆನ್ಸಿನ ಎಂಎಂನಿಂದ ಭಾಗಿಸಿದರೆ ಚೌಕಟ್ಟಿನಲ್ಲಿ ಎಷ್ಟು ಅಗಲ ಹಿಡಿಯುತ್ತದೆ ಅಂತ ಸಿಗುತ್ತದೆ. ಹಡಗು 1,000 ಮೀಟರ್ ದೂರದಲ್ಲಿದೆ, ಲೆನ್ಸು 100 ಎಂಎಂ ಅಂದುಕೊಳ್ಳಿ. 1,000 ಗುಣಿಸು 36, ಭಾಗಿಸು 100. ಉತ್ತರ 360 ಮೀಟರ್. ಅಂದರೆ 300 ಮೀಟರ್ ಉದ್ದದ ಹಡಗು ಪಕ್ಕದಿಂದ ಪೂರ್ತಿ ಹಿಡಿಯುತ್ತದೆ, ಎರಡೂ ಕಡೆ ಸ್ವಲ್ಪ ಉಸಿರಾಡುವ ಜಾಗ ಸಿಗುತ್ತದೆ. ಈಗಿನ ಅತಿ ದೊಡ್ಡ ಕಂಟೇನರ್ ಹಡಗುಗಳು ಸುಮಾರು 400 ಮೀಟರ್ ಉದ್ದ, 60 ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಅಗಲ. ಅದಕ್ಕೆ 80 ಎಂಎಂ ಹಾಕಬೇಕು. ಎಪಿಎಸ್-ಸಿ (ಸಣ್ಣ ಸೆನ್ಸರಿನ) ಕ್ಯಾಮೆರಾ ಆದರೆ 36ರ ಬದಲು 24 ಅಂತ ಇಟ್ಟುಕೊಳ್ಳಿ. ಹಡಗಿನ ಉದ್ದ ಎಐಎಸ್ ತಾಣದಲ್ಲೇ ಇರುತ್ತದೆ, ದೂರವನ್ನು ನಕ್ಷೆಯಲ್ಲಿ ಅಳೆಯಬಹುದು. ಮನೆಯಲ್ಲಿ ಕೂತೇ ಯಾವ ಲೆನ್ಸು ಒಯ್ಯಬೇಕು ಅಂತ ಗೊತ್ತಾಗುತ್ತದೆ.

ವೇಗದ ಲೆಕ್ಕವೂ ಬೇಕು. 15 ನಾಟ್ ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್, ಸೆಕೆಂಡಿಗೆ 7.7 ಮೀಟರ್. ದೂರದಿಂದ ನೋಡಿದರೆ ತೆವಳುವ ಹಾಗೆ ಕಾಣುತ್ತದೆ. ಆದರೆ 300 ಮೀಟರ್ ಹಡಗು ತನ್ನ ಉದ್ದವನ್ನು 39 ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಲೆನ್ಸು ಬದಲಿಸುತ್ತಾ ಕೂತರೆ ಹಿಂಬದಿಯ ಫೋಟೋ ಮಾತ್ರ ಸಿಗುತ್ತದೆ. ಶಟರ್ 1/500 ಸೆಕೆಂಡ್ ಇಟ್ಟರೆ ಸಾಕು, ಅಪರ್ಚರ್ ಎಫ್ 8.

ನಾಲ್ಕನೇ ಹೆಜ್ಜೆ, ಕಾಯುವುದು. ಕಾಯುವಾಗ ಮೂರು ವಿಷಯ ನೋಡಿಕೊಳ್ಳಿ. ಒಂದು, ಬಿಸಿಗಾಳಿಯ ಅಲುಗಾಟ. ನೀರಿಗೂ ಗಾಳಿಗೂ ಶಾಖದ ವ್ಯತ್ಯಾಸ ಜಾಸ್ತಿ ಇದ್ದರೆ ದೂರದ ಹಡಗಿನ ಗೆರೆಗಳು ಕುದಿಯುವ ನೀರಿನೊಳಗೆ ಇದ್ದ ಹಾಗೆ ನಡುಗುತ್ತವೆ. ಎಷ್ಟು ದುಬಾರಿ ಲೆನ್ಸು ಹಾಕಿದರೂ ಇದಕ್ಕೆ ಮದ್ದಿಲ್ಲ. ಬೆಳಗಿನ ಜಾವ ಅಥವಾ ಮೋಡದ ದಿನ ನೋಡಿಕೊಳ್ಳಿ, ಹತ್ತು ಹದಿನೈದು ಫೋಟೋ ಒಟ್ಟಿಗೆ ತೆಗೆದು ಚೂಪಾಗಿರುವುದನ್ನು ಉಳಿಸಿಕೊಳ್ಳಿ. ಎರಡು, ದಿಗಂತ. ಹಡಗು ಎಷ್ಟೇ ಚೆನ್ನಾಗಿದ್ದರೂ ಸಮುದ್ರ ಓರೆಯಾದರೆ ಮುಗೀತು. ಮೂರು, ಅಳತೆಗೆ ಸಿಗುವ ಸಣ್ಣ ವಸ್ತು. ಟಗ್ ದೋಣಿ, ಹಕ್ಕಿ, ಡೆಕ್ ಮೇಲೆ ನಿಂತ ಕಿತ್ತಳೆ ಬಟ್ಟೆಯ ಮನುಷ್ಯ, ಇವುಗಳಲ್ಲಿ ಒಂದಾದರೂ ಇಲ್ಲದಿದ್ದರೆ ಹಡಗು ಆಟಿಕೆಯಂತೆ ಕಾಣುತ್ತದೆ. 40 ಅಡಿ ಕಂಟೇನರ್ ಅಂದರೆ 12.2 ಮೀಟರ್ ಉದ್ದ, ಒಂದು ದೊಡ್ಡ ಬಸ್ಸಿನಷ್ಟು. ನೋಡುವವರಿಗೆ ಅದು ಗೊತ್ತಿರಬೇಕಲ್ಲ, ಪಕ್ಕದಲ್ಲಿ ಒಂದು ಮನುಷ್ಯ ಆಕೃತಿ ಇದ್ದರೆ ತಾನೇ ಗೊತ್ತಾಗುತ್ತದೆ.

ಕೋನದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಪಕ್ಕದಿಂದ ತೆಗೆದ ನೇರ ಫೋಟೋ ದಾಖಲೆಗೆ ಸರಿ, ಆದರೆ ಬೇಗ ಬೇಸರ ತರಿಸುತ್ತದೆ. ಹಡಗು ತಿರುವಿನಲ್ಲಿ ನಮ್ಮ ಕಡೆ ಮೂತಿ ಮಾಡಿದ ಆ ಅರ್ಧ ನಿಮಿಷಕ್ಕೆ ಕಾಯಿರಿ. ಮೂತಿಯ ಬುಡದಲ್ಲಿ ಏಳುವ ಬಿಳಿ ನೊರೆಯೇ ಹಡಗು ಓಡುತ್ತಿದೆ ಅನ್ನುವುದಕ್ಕೆ ಸಾಕ್ಷಿ. ಖಾಲಿ ಹಡಗು ಸಿಕ್ಕರೆ ಇನ್ನೂ ಒಳ್ಳೆಯದು. ಅದು ನೀರಿನಿಂದ ಎದ್ದು ನಿಂತಿರುತ್ತದೆ. ಕೆಳಗಿನ ಕೆಂಪು ಬಣ್ಣ, ಮೂತಿಯ ಬುಡದ ಗುಮ್ಮಟ, ಪಕ್ಕದಲ್ಲಿ ಅಡ್ಡಗೆರೆ ಹಾದ ವೃತ್ತದ ಗುರುತು ಎಲ್ಲ ಕಾಣುತ್ತದೆ. ಹಡಗಿಗೆ ಎಷ್ಟು ಸರಕು ತುಂಬಬಹುದು ಅಂತ ಹೇಳುವ ಗುರುತು ಅದು. ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಸಂಸತ್ ಸದಸ್ಯ ಹಠ ಹಿಡಿದು ಹೋರಾಡಿದ್ದರಿಂದ 1876ರಲ್ಲಿ ಬ್ರಿಟನ್ನಿನಲ್ಲಿ ಕಡ್ಡಾಯವಾಯಿತು. ಉದ್ದ ಲೆನ್ಸ್ ಹಾಕಿ ಅದೊಂದನ್ನೇ ತೆಗೆದು ನೋಡಿ. ತುಕ್ಕು, ಬಣ್ಣದ ಪದರ, ನೀರಿನ ಗೆರೆ ಎಲ್ಲ ಸೇರಿ ಚಿತ್ರಕಲೆಯೇ ಆಗಿರುತ್ತದೆ.

ರಾತ್ರಿಯಾದರೆ ದೀಪಗಳೇ ದಿಕ್ಕು ಹೇಳುತ್ತವೆ. ಹಡಗಿನ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಎರಡೂ ಒಟ್ಟಿಗೆ ಕಂಡರೆ ಹಡಗು ನೇರ ನಿಮ್ಮ ಕಡೆ ಬರುತ್ತಿದೆ. ಕಟ್ಟಿಹಾಕಿದ ಹಡಗು ಅಲುಗಾಡುವುದಿಲ್ಲ ಅಂತ ತಿಳಿದು 30 ಸೆಕೆಂಡ್ ಶಟರ್ ತೆರೆದಿಡಬೇಡಿ. ಅದು ಅಲೆಗೆ ಮೆಲ್ಲಗೆ ತೂಗುತ್ತಲೇ ಇರುತ್ತದೆ. ಐಎಸ್‌ಒ (ಸೆನ್ಸರಿನ ಬೆಳಕು ಗ್ರಹಿಸುವ ಮಟ್ಟ) ಏರಿಸಿ, 2 ರಿಂದ 4 ಸೆಕೆಂಡಿಗೆ ಇಳಿಸಿ.

ಹಳೆಯ ಟ್ರಾಮ್: ತಪ್ಪಿದರೆ ಮುಂದಿನದು ಬರುತ್ತದೆ

ಇಲ್ಲಿ ಧಾವಂತ ಬೇಡ. ಹಳಿ ಎಲ್ಲಿಗೂ ಹೋಗುವುದಿಲ್ಲ.

ಮೊದಲು ಟಿಕೆಟ್ ತಗೊಂಡು ಆ ಮಾರ್ಗವನ್ನು ತುದಿಯಿಂದ ತುದಿಗೆ ಒಮ್ಮೆ ಪ್ರಯಾಣಿಸಿ. ಕ್ಯಾಮೆರಾ ಚೀಲದಲ್ಲೇ ಇರಲಿ. ಮುಂದೆ ಕೂತು ಎಲ್ಲಿ ತಿರುವಿದೆ, ಎಲ್ಲಿ ಏರು, ಎಲ್ಲಿ ಹಿನ್ನೆಲೆಯಲ್ಲಿ ಜಾಹೀರಾತು ಫಲಕಗಳಿಲ್ಲ, ಎಲ್ಲಿ ಬಿಸಿಲು ಬೀದಿಯ ಉದ್ದಕ್ಕೂ ಬೀಳುತ್ತದೆ ಅಂತ ಬರೆದುಕೊಳ್ಳಿ. ವಾಪಸ್ ಬರುವಾಗ ನಾಲ್ಕೇ ಜಾಗ ಆರಿಸಿಕೊಳ್ಳಿ. ಇಡೀ ದಿನಕ್ಕೆ ಅಷ್ಟು ಸಾಕು.

ಪ್ರತಿ ಊರಿನ ಟ್ರಾಮಿಗೂ ಒಂದೊಂದು ಸ್ವಭಾವ. ಲಿಸ್ಬನ್‌ನ 28ನೇ ಮಾರ್ಗದಲ್ಲಿ ಹಳಿಗಳ ನಡುವಿನ ಅಂತರ ಬರೀ 900 ಎಂಎಂ. ಪುಟ್ಟ ಹಳದಿ ಟ್ರಾಮ್ ಅಲ್ಫಾಮಾ ಎಂಬ ಹಳೆಯ ಬಡಾವಣೆಯ ಗಲ್ಲಿಗಳಲ್ಲಿ ಗೋಡೆ ಸವರಿಕೊಂಡು ಹೋಗುತ್ತದೆ. ಅಲ್ಲಿ ಉದ್ದ ಲೆನ್ಸ್ ಹಾಕಿ ಇಳಿಜಾರಿನ ಕೆಳಗಿಂದ ತೆಗೆದರೆ ಏರು ಇನ್ನೂ ಕಡಿದಾಗಿ ಕಾಣುತ್ತದೆ. ಮಿಲಾನ್‌ನಲ್ಲಿ 1928ರ ಮಾದರಿಯ ಟ್ರಾಮ್‌ಗಳು ಇನ್ನೂ ದಿನನಿತ್ಯದ ಕೆಲಸ ಮಾಡುತ್ತಿವೆ. ಅಂಥವೇ ಕೆಲವು ಸ್ಯಾನ್ ಫ್ರಾನ್ಸಿಸ್ಕೋಗೂ ಹೋಗಿವೆ. ಅಲ್ಲಿನ ಎಫ್ ಮಾರ್ಗ 1995ರಲ್ಲಿ ಶುರುವಾಯಿತು, ಬೇರೆ ಬೇರೆ ಊರುಗಳ ಬಣ್ಣ ಬಳಿದ ಟ್ರಾಮ್‌ಗಳು ಒಂದೇ ಹಳಿಯ ಮೇಲೆ ಓಡುತ್ತವೆ. ನ್ಯೂ ಆರ್ಲಿಯನ್ಸ್‌ನ ಸೇಂಟ್ ಚಾರ್ಲ್ಸ್ ಮಾರ್ಗದಲ್ಲಿ 1920ರ ದಶಕದ ಹಸಿರು ಟ್ರಾಮ್‌ಗಳು ಓಕ್ ಮರಗಳ ನೆರಳಲ್ಲಿ ಸಾಗುತ್ತವೆ. ಅಲ್ಲಿ ಬಿಸಿಲು ಚುಕ್ಕೆಚುಕ್ಕೆಯಾಗಿ ಬೀಳುವುದರಿಂದ ಮೋಡದ ದಿನವೇ ವಾಸಿ. ಹಾಂಗ್‌ಕಾಂಗ್‌ನ ಟ್ರಾಮ್ 1904ರಿಂದ ಓಡುತ್ತಿದೆ. ಎರಡು ಅಂತಸ್ತು, ತೆಳ್ಳಗೆ, ಎತ್ತರ. ಅದಕ್ಕೆ ಕ್ಯಾಮೆರಾ ಉದ್ದುದ್ದ ಹಿಡಿಯಿರಿ.

ತಂತಿಗಳನ್ನು ಶತ್ರು ಅಂದುಕೊಳ್ಳಬೇಡಿ. ಎಡಿಟಿಂಗ್‌ನಲ್ಲಿ ತಂತಿ ಅಳಿಸಿದ ಟ್ರಾಮ್ ಫೋಟೋ ನೋಡಿದರೆ ನನಗೆ ದಾರ ಕಿತ್ತ ಗಾಳಿಪಟ ನೋಡಿದ ಹಾಗಾಗುತ್ತದೆ. ಮೇಲಿನ ಕೋಲು ಅಥವಾ ಪ್ಯಾಂಟೋಗ್ರಾಫ್ (ವಿದ್ಯುತ್ ಪಡೆಯುವ ಮಡಚುವ ಚೌಕಟ್ಟು) ತಂತಿಯನ್ನು ಮುಟ್ಟುವ ಜಾಗ ಚೌಕಟ್ಟಿನ ಒಳಗೇ ಇರಲಿ. ಸಂಜೆ ತಂತಿಗಳ ಕೂಡುಜಾಗದಲ್ಲಿ ಕಿಡಿ ಹಾರುವುದೂ ಉಂಟು. ಕಂಬ ಮಾತ್ರ ಟ್ರಾಮಿನ ನೆತ್ತಿಯಿಂದ ಹುಟ್ಟಿದ ಹಾಗೆ ಕಾಣದಂತೆ ಒಂದು ಹೆಜ್ಜೆ ಆಚೆ ಸರಿಯಿರಿ.

ಈಗ ಪ್ಯಾನಿಂಗ್, ಅಂದರೆ ಓಡುವ ವಾಹನದ ಜತೆಗೇ ಕ್ಯಾಮೆರಾ ತಿರುಗಿಸುತ್ತಾ ಫೋಟೋ ತೆಗೆಯುವುದು. ಇದನ್ನು ಕಲಿಯಲು ಟ್ರಾಮಿಗಿಂತ ಒಳ್ಳೆಯ ಗುರು ಇಲ್ಲ. ಒಂದೇ ದಾರಿ, ಒಂದೇ ಅಂತರ, ಹೆಚ್ಚುಕಮ್ಮಿ ಒಂದೇ ವೇಗ. ಟ್ರಾಮ್ ನಿಮ್ಮ ಎದುರು ಬರುವ ಜಾಗವನ್ನು ಗುರುತು ಮಾಡಿಕೊಳ್ಳಿ. ನಿಮ್ಮ ಪಾದಗಳು ಆ ಜಾಗದ ಕಡೆ ಇರಲಿ. ಸೊಂಟವನ್ನು ಮಾತ್ರ ಟ್ರಾಮ್ ಬರುವ ಕಡೆ ತಿರುಗಿಸಿ ನಿಲ್ಲಿ. ಶಟರ್ 1/30, ನಿರಂತರ ಫೋಕಸ್. ಚೌಕಟ್ಟಿನ ಮಧ್ಯದ ಬಿಂದುವನ್ನು ಟ್ರಾಮಿನ ಯಾವುದಾದರೂ ಒಂದು ಗುರುತಿಗೆ ಅಂಟಿಸಿ. ನಾನು ಬಾಗಿಲ ಪಕ್ಕದ ಸಂಖ್ಯೆ ಹಿಡಿಯುತ್ತೇನೆ. ಅದರ ಜತೆಗೇ ತಿರುಗುತ್ತಾ ಬನ್ನಿ, ಎದುರಿಗೆ ಬಂದಾಗ ಗುಂಡಿ ಒತ್ತಿ, ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಹೊಸಬರೆಲ್ಲ ಎಡವುವುದು ಇಲ್ಲೇ: ಕ್ಲಿಕ್ ಆದ ತಕ್ಷಣ ಕೈ ನಿಂತುಬಿಡುತ್ತದೆ. ಗಂಟೆಗೆ 20 ಕಿಲೋಮೀಟರ್ ಹೋಗುವ ಟ್ರಾಮ್ 1/30 ಸೆಕೆಂಡಿನಲ್ಲಿ ಒಂದು ಗೇಣಿನಷ್ಟು ಮುಂದೆ ಹೋಗಿರುತ್ತದೆ. ಹಿನ್ನೆಲೆ ಕರಗಿ ಗೆರೆಯಾಗಲು ಅಷ್ಟು ಸಾಕು. ಹತ್ತರಲ್ಲಿ ಒಂದು ಸರಿ ಬಂದರೆ ಖುಷಿಪಡಿ. ಕೈ ಪಳಗಿದ ಮೇಲೆ 1/15ಕ್ಕೆ ಇಳಿಯಬಹುದು. ಸಾಮಾನ್ಯ ಟ್ರಾಮ್‌ಗಳ ಮೇಲೆ ಅಭ್ಯಾಸ ಮಾಡಿ, ಅಪರೂಪದ ಹಳೆಯದು ಬರುವ ಹೊತ್ತಿಗೆ ಕೈ ಬಿಸಿಯಾಗಿರುತ್ತದೆ.

ಮುಂದಿನ ಫಲಕದ ಮೇಲೆ ಊರ ಹೆಸರು ಓದಲು ಬರುವಂತಿರಬೇಕು. ಬಟ್ಟೆಯ ಸುರುಳಿ ಫಲಕ ಆದರೆ ತೊಂದರೆಯಿಲ್ಲ. ರಿಪೇರಿ ಮಾಡಿದ ಕೆಲವು ಟ್ರಾಮ್‌ಗಳಲ್ಲಿ ಎಲ್ಇಡಿ ಫಲಕ ಹಾಕಿರುತ್ತಾರೆ. ಅದು ಕಣ್ಣಿಗೆ ಕಾಣದ ವೇಗದಲ್ಲಿ ಮಿಟುಕುವುದರಿಂದ 1/500ರಲ್ಲಿ ತೆಗೆದರೆ ಅಕ್ಷರ ಅರ್ಧಂಬರ್ಧ ಬರುತ್ತದೆ. 1/60ಕ್ಕೆ ಇಳಿಸಿ ನೋಡಿ.

ಸೂರ್ಯ ಮುಳುಗಿ 15-25 ನಿಮಿಷದ ಹೊತ್ತು ಟ್ರಾಮಿಗೆ ಅತ್ಯುತ್ತಮ. ಒಳಗಿನ ಹಳದಿ ದೀಪ, ಹೊರಗಿನ ನೀಲಿ ಆಕಾಶ ಸಮಸಮ ಇರುತ್ತವೆ. ಮಳೆ ಬಂದು ಬೀದಿ ಒದ್ದೆಯಾಗಿದ್ದರೆ ಮನೆಗೆ ಹೋಗಬೇಡಿ, ಹಳಿಗಳು ಬೆಳ್ಳಿಯ ಗೆರೆಯಾಗುವುದು ಆಗಲೇ. ಒಳಗೆ ಮರದ ಬೆಂಚು, ಹಿತ್ತಾಳೆ ಹಿಡಿಕೆ ತೆಗೆಯುವಾಗ ಜನರನ್ನು ಕೇಳಿ ತೆಗೆಯಿರಿ. ಚಾಲಕರ ಕಡೆ ಫ್ಲ್ಯಾಶ್ ಹೊಡೆಯಲೇಬಾರದು.

ಇನ್ನೊಂದು. ಟ್ರಾಮ್ ಪಕ್ಕಕ್ಕೆ ತಿರುಗಿ ನಿಮ್ಮನ್ನು ತಪ್ಪಿಸಲಾರದು. ತಿರುವಿನಲ್ಲಿ ಅದರ ಒಡಲು ಹಳಿಗಿಂತ ಆಚೆಗೆ ಚಾಚಿಕೊಳ್ಳುತ್ತದೆ. ಹಳಿಯಿಂದ ಎರಡು ಹೆಜ್ಜೆ ದೂರ ಇದ್ದೇನೆ ಅಂತ ನಿಂತವರಿಗೂ ತಗಲಬಹುದು. ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟಾಗ ದೂರದ ಅಂದಾಜು ಸಿಗುವುದಿಲ್ಲ, ಅದಕ್ಕೆ ಜಾಗವನ್ನು ಮೊದಲೇ ಗೊತ್ತುಮಾಡಿಕೊಂಡು ಅಲ್ಲಿಂದ ಕದಲಬೇಡಿ.

ಹಳೆಯ ಸ್ಪೋರ್ಟ್ಸ್ ಕಾರು: ನಾವು ತೆಗೆಯುವುದು ಕಾರನ್ನಲ್ಲ, ಅದರಲ್ಲಿ ಕಾಣುವುದನ್ನು

ಪಾಲಿಶ್ ಮಾಡಿದ ಕಾರು ಒಂದು ಬಗ್ಗಿದ ಕನ್ನಡಿ. ಇದು ತಲೆಗೆ ಹೋಗುವವರೆಗೆ ನನ್ನ ಕಾರಿನ ಫೋಟೋಗಳೆಲ್ಲ ಗೊಂದಲ. ಒಂದು ಕಪ್ಪು ಕಾರಿನ ಬಾಗಿಲ ಮೇಲೆ ನನ್ನದೇ ಹಳದಿ ಜಾಕೆಟ್ಟು, ಪಕ್ಕದ ಕಸದ ಡಬ್ಬಿ, ಇಬ್ಬರು ಅಪರಿಚಿತರು ಕಂಡಿದ್ದರು. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡುವ ತನಕ ಗೊತ್ತೇ ಆಗಿರಲಿಲ್ಲ.

ಮೊದಲ ಕೆಲಸ, ಕಾರು ಬಿಟ್ಟು ಕಾರಿನ ಎದುರು ಏನಿದೆ ಅಂತ ನೋಡುವುದು. ಕಾರಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಬಾಗಿಲನ್ನೇ ದಿಟ್ಟಿಸಿ. ಮೇಲೆ ಆಕಾಶ, ಕೆಳಗೆ ನೆಲ, ಮಧ್ಯೆ ಒಂದು ಗೆರೆ ಕಾಣುತ್ತದೆ. ಆ ಗೆರೆ ಮರ, ಕಟ್ಟಡ, ಜನರಿಂದ ತುಂಬಿದ್ದರೆ ಕಾರಿನ ಆಕಾರವೇ ಒಡೆದುಹೋಗುತ್ತದೆ. ಗೆರೆ ತೆಳ್ಳಗೆ, ನೇರ ಇದ್ದರೆ ಕಾರಿನ ಬಾಗು ಎದ್ದುಕಾಣುತ್ತದೆ. ಕಾರನ್ನು ಎರಡು ಮೀಟರ್ ಹಿಂದೆ ತಳ್ಳಿದರೂ ಎಷ್ಟೋ ಬದಲಾಗುತ್ತದೆ. ಹಾಗಾಗಿ ಖಾಲಿ ಮೈದಾನ, ತೆರೆದ ಪಾರ್ಕಿಂಗ್, ನೀರಿನ ದಂಡೆಗಳು ಒಳ್ಳೆಯವು.

ಎರಡನೇ ಕೆಲಸ, ಹೊತ್ತು ನೋಡಿಕೊಳ್ಳುವುದು. ನಡುಹಗಲ ಬಿಸಿಲು ಕಾರಿಗೆ ಶತ್ರು. ಸೂರ್ಯ ಮುಳುಗಿದ ಮೇಲಿನ 20 ನಿಮಿಷ ಇಡೀ ಆಕಾಶವೇ ಒಂದು ದೊಡ್ಡ ಮೆತ್ತನೆಯ ದೀಪವಾಗುತ್ತದೆ. ಬಾನೆಟ್ ಮೇಲೆ ಬಿಸಿಲಿನ ಚುಕ್ಕೆ ಇರುವುದಿಲ್ಲ, ಉದ್ದನೆಯ ಒಂದು ಹೊಳಪು ಮಾತ್ರ ಹರಿಯುತ್ತದೆ. ಕಾರಿನ ಹೊಳಪು ಜಾಸ್ತಿ ಇರುವ ಬದಿಯನ್ನು ಆಕಾಶ ಇನ್ನೂ ಬೆಳ್ಳಗಿರುವ ಕಡೆಗೆ ತಿರುಗಿಸಿ.

ಮೂರನೆಯದು, ಎತ್ತರ ಮತ್ತು ಲೆನ್ಸ್. ನಿಂತುಕೊಂಡು ತೆಗೆಯಬೇಡಿ. 1961ರಲ್ಲಿ ಜಿನೀವಾದಲ್ಲಿ ಬಿಡುಗಡೆಯಾದ ಜಾಗ್ವಾರ್ ಇ-ಟೈಪ್ ಎತ್ತರ ಸುಮಾರು 1.2 ಮೀಟರ್ ಅಷ್ಟೇ, ಅಂದರೆ ನಿಮ್ಮ ಎದೆಗೂ ಬಾರದು. ಮೇಲಿಂದ ನೋಡಿದರೆ ಕುಬ್ಜವಾಗಿ ಕಾಣುತ್ತದೆ. ಹೆಡ್‌ಲೈಟ್ ಎತ್ತರಕ್ಕೆ ಕ್ಯಾಮೆರಾ ಇಳಿಸಿ, ಮೊಣಕಾಲೂರಿ. 24 ಎಂಎಂ ಹಾಕಿ ಹತ್ತಿರ ಹೋದರೆ ಮೂತಿ ಊದಿಕೊಂಡು ಬಲೂನಿನಂತಾಗುತ್ತದೆ. 70 ರಿಂದ 100 ಎಂಎಂ ಹಾಕಿ ಹಿಂದೆ ಸರಿಯಿರಿ. ಹಿಂದೆ ಸರಿದಷ್ಟೂ ನಿಮ್ಮ ಪ್ರತಿಬಿಂಬವೂ ಸಣ್ಣದಾಗುತ್ತದೆ. ಕಪ್ಪು ಬಟ್ಟೆ ಹಾಕಿಕೊಳ್ಳಿ, ಇಲ್ಲವೇ ಟೈಮರ್ ಹಚ್ಚಿ ಪಕ್ಕಕ್ಕೆ ಸರಿಯಿರಿ.

ಮುಂದಿನ ಮೂಲೆಯಿಂದ ತೆಗೆಯುವಾಗ ಒಂದು ಸಣ್ಣ ಕಿವಿಮಾತು: ಸ್ಟಿಯರಿಂಗನ್ನು ಕ್ಯಾಮೆರಾ ಇರುವ ಬದಿಯ ವಿರುದ್ಧ ದಿಕ್ಕಿಗೆ ತಿರುಗಿಸಲು ಮಾಲೀಕರಿಗೆ ಹೇಳಿ. ಆಗ ಚಕ್ರದ ಮುಖ, ಅದರ ತಂತಿ ಕಡ್ಡಿಗಳು ನಿಮ್ಮ ಕಡೆ ಕಾಣುತ್ತವೆ. ತಪ್ಪಿದರೆ ಕಾಣುವುದು ಟೈರಿನ ರಬ್ಬರ್ ಮಾತ್ರ.

ಪ್ರತಿ ಕಾರಿಗೂ ತನ್ನದೇ ಒಳ್ಳೆಯ ಬದಿ ಇರುತ್ತದೆ. ಇ-ಟೈಪ್‌ಗೆ ಉದ್ದ ಬಾನೆಟ್, ಹಾಗಾಗಿ ಮುಂದಿನ ಮೂಲೆ, ಕೆಳಗಿಂದ. ಪೋರ್ಷೆ 911ಕ್ಕೆ ಚಾವಣಿಯಿಂದ ಹಿಂದಕ್ಕೆ ಜಾರುವ ಗೆರೆ, ಹಾಗಾಗಿ ಹಿಂದಿನ ಮೂಲೆ. 1954ರ ಮರ್ಸಿಡಿಸ್ 300 ಎಸ್ಎಲ್ ಬಾಗಿಲುಗಳು ರೆಕ್ಕೆಯಂತೆ ಮೇಲಕ್ಕೆ ತೆರೆಯುತ್ತವೆ. ಅದು ಬರೀ ಶೋಕಿಯಲ್ಲ. ಒಳಗಿನ ಕೊಳವೆ ಚೌಕಟ್ಟು ಪಕ್ಕದಲ್ಲಿ ಅಷ್ಟು ಎತ್ತರ ಬಂದದ್ದರಿಂದ ಮಾಮೂಲಿ ಬಾಗಿಲು ಇಡಲು ಜಾಗವೇ ಇರಲಿಲ್ಲ. ಬಾಗಿಲು ಎತ್ತಿ, ಆ ಎತ್ತರದ ಅಂಚೂ ಕಾಣುವಂತೆ ಒಂದು ಫೋಟೋ ತೆಗೆಯಿರಿ, ಕಥೆ ಪೂರ್ತಿಯಾಗುತ್ತದೆ. ಷೆವ್ರೊಲೆ ಕಾರ್ವೆಟ್‌ನ 1963ರ ಕೂಪೆಯಲ್ಲಿ ಮಾತ್ರ ಹಿಂದಿನ ಗಾಜು ಎರಡು ಭಾಗ. ಅದನ್ನು ಹಿಂದಿನಿಂದ ತೆಗೆಯದೆ ಬಂದರೆ ಹೋಗಿದ್ದೂ ವ್ಯರ್ಥ.

ನಾಲ್ಕನೆಯದು, ಪೋಲರೈಸರ್. ಲೆನ್ಸಿನ ಮುಂದೆ ಅದನ್ನು ಮೆಲ್ಲಗೆ ತಿರುಗಿಸುತ್ತಾ ನೋಡಿ, ಗಾಜಿನ ಮೇಲಿನ ಆಕಾಶ ಮಾಯವಾಗಿ ಒಳಗಿನ ಸ್ಟಿಯರಿಂಗ್ ಕಾಣುತ್ತದೆ. ಮೇಲ್ಮೈಯನ್ನು ಸುಮಾರು 35 ಡಿಗ್ರಿ ಓರೆಯಲ್ಲಿ ನೋಡುವಾಗ ಇದರ ಕೆಲಸ ಅತಿ ಚೆನ್ನಾಗಿರುತ್ತದೆ. ಬಣ್ಣ ಮತ್ತು ಗಾಜಿನ ಮೇಲೆ ಕೆಲಸ ಮಾಡುತ್ತದೆ, ಕ್ರೋಮ್ ಮೇಲೆ ಹೆಚ್ಚೇನೂ ಮಾಡಲಾರದು. ಲೋಹದ ಪ್ರತಿಫಲನ ಬೇರೆ ಜಾತಿ. ಇನ್ನೊಂದು ತೊಡಕು: ಗಾಜಿಗೆ ಸರಿಹೋದ ಕೋನ ಬಾನೆಟ್‌ಗೆ ಸರಿಹೋಗದು. ಅದಕ್ಕೆ ಕ್ಯಾಮೆರಾ ಟ್ರೈಪಾಡ್ ಮೇಲಿಟ್ಟು ಫಿಲ್ಟರನ್ನು ಬೇರೆ ಬೇರೆ ಕೋನಕ್ಕೆ ತಿರುಗಿಸಿ ಮೂರು ಫೋಟೋ ತೆಗೆದುಕೊಳ್ಳಿ, ಆಮೇಲೆ ಒಂದರ ಮೇಲೊಂದು ಇಟ್ಟು ಬೇಕಾದ ಭಾಗ ಸೇರಿಸಿ. ಎಲ್ಲ ಪ್ರತಿಬಿಂಬವನ್ನೂ ಕೊಂದುಬಿಡಬೇಡಿ ಮಾತ್ರ. ಹೊಳಪೇ ಇಲ್ಲದ ಕಾರು ಮಣ್ಣಿನ ಗೊಂಬೆ.

ಕತ್ತಲಾದ ಮೇಲೂ ಉಳಿಯಲು ಮನಸ್ಸಿದ್ದರೆ ಬೆಳಕು ಬಳಿಯುವ ವಿದ್ಯೆ ಪ್ರಯತ್ನಿಸಿ. ಟ್ರೈಪಾಡ್, ಐಎಸ್‌ಒ 100, ಎಫ್ 8, 20-30 ಸೆಕೆಂಡ್. ಉದ್ದ ಎಲ್ಇಡಿ ದೀಪ ಹಿಡಿದು ಕಾರಿನ ಆಚೆ ಬದಿಯಿಂದ, ಚಾವಣಿಗಿಂತ ಮೇಲೆ, ಒಂದೇ ವೇಗದಲ್ಲಿ ಮೂತಿಯಿಂದ ಹಿಂಬದಿಗೆ ನಡೆಯಿರಿ. ನಿಂತರೆ ಅಲ್ಲಿ ಬೆಳಕಿನ ಮುದ್ದೆ ಬೀಳುತ್ತದೆ. ನಡೆಯುತ್ತಲೇ ಇದ್ದರೆ ನೀವು ಫೋಟೋದಲ್ಲಿ ಕಾಣುವುದೇ ಇಲ್ಲ.

ಓಡುವ ಕಾರಿಗೆ ಟ್ರಾಮಿನಲ್ಲಿ ಕಲಿತ ಪ್ಯಾನಿಂಗೇ. ಶಟರ್ ಆಯ್ಕೆಗೆ ಚಕ್ರವನ್ನು ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಎರಡು ಮೀಟರ್ ಸುತ್ತಳತೆಯ ಚಕ್ರ ಸೆಕೆಂಡಿಗೆ ಎಂಟು ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗುತ್ತದೆ. 1/1000ರಲ್ಲಿ ಅದು ತಿರುಗುವುದು 3 ಡಿಗ್ರಿ, ಕಾರು ಪಾರ್ಕ್ ಮಾಡಿದ ಹಾಗೆ ಕಾಣುತ್ತದೆ. 1/125ರಲ್ಲಿ 24 ಡಿಗ್ರಿ, ಕಡ್ಡಿಗಳು ಕರಗಿ ಚಕ್ರ ನಿಜಕ್ಕೂ ಓಡುತ್ತದೆ. 1/60ರಲ್ಲಿ 50 ಡಿಗ್ರಿ, ಚೆಂದ, ಆದರೆ ಕೈ ಗಟ್ಟಿಯಿರಬೇಕು. ಇಂಥ ಕಾರುಗಳನ್ನು ಓಡುವಾಗ ನೋಡಲು ಇಟಲಿಯ ಮಿಲ್ಲೆ ಮಿಲಿಯಾ ಇದೆ. 1927ರಿಂದ 1957ರವರೆಗೆ ಅದು ನಿಜವಾದ ರೇಸು. 1977ರಿಂದ ಹಳೆಯ ಕಾರುಗಳ ನೆನಪಿನ ಓಟ. ಇಂಗ್ಲೆಂಡಿನ ಗುಡ್‌ವುಡ್ ರಿವೈವಲ್ 1998ರಲ್ಲಿ ಶುರುವಾಯಿತು, ಜನರೂ ಆ ಕಾಲದ ಬಟ್ಟೆ ಹಾಕಿಕೊಂಡು ಬರುವುದರಿಂದ ಹಿನ್ನೆಲೆಯ ಚಿಂತೆ ಅರ್ಧ ಕಮ್ಮಿ. ಪ್ರದರ್ಶನಗಳಿಗೆ ಹೋದರೆ ಬಾಗಿಲು ತೆರೆದ ಮೊದಲ ಗಂಟೆಯಲ್ಲೇ ಪೂರ್ತಿ ಕಾರಿನ ಫೋಟೋ ಮುಗಿಸಿ. ಜನ ತುಂಬಿದ ಮೇಲೆ ಲಾಂಛನ, ಮೀಟರು, ಚರ್ಮದ ಸೀಟಿನ ಹೊಲಿಗೆಗಳ ಕಡೆ ತಿರುಗಿ. ಕಾರಿಗೆ ಒರಗಬೇಡಿ, ಚೀಲದ ಕೊಂಡಿ ತಾಗದಂತೆ ನೋಡಿಕೊಳ್ಳಿ. ಮಾಲೀಕರು ಅಲ್ಲೇ ಇರುತ್ತಾರೆ, ಒಂದು ನಮಸ್ಕಾರ ಹೇಳಿ ಮಾತಾಡಿಸಿದರೆ ಬಾನೆಟ್ಟೂ ತೆರೆದು ತೋರಿಸುತ್ತಾರೆ.

ಮನೆಗೆ ಬಂದ ಮೇಲೆ

ಎಡಿಟಿಂಗ್‌ನಲ್ಲಿ ನಾನು ಮೊದಲು ನೋಡುವುದು ಕೆಂಪು. ಕೆಂಪು ಕಾರು, ಹಡಗಿನ ಕೆಂಪು ತಳ ಎರಡರಲ್ಲೂ ಒಟ್ಟು ಹಿಸ್ಟೋಗ್ರಾಂ (ಕತ್ತಲೆ-ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿಯಿದ್ದರೂ ಕೆಂಪಿನದು ಮಾತ್ರ ಬಲಗೋಡೆಗೆ ಬಡಿದಿರುತ್ತದೆ. ಆಗ ಬಣ್ಣದ ಒಳಗಿನ ಏರುತಗ್ಗೆಲ್ಲ ಹೋಗಿ ಪ್ಲಾಸ್ಟಿಕ್ ಆಗುತ್ತದೆ. ಕೆಂಪಿನ ಗಾಢತೆ ಸ್ವಲ್ಪ ಇಳಿಸಿ. ತೆಗೆಯುವಾಗಲೇ ಬೆಳಕನ್ನು ಮೂರನೇ ಎರಡು ಸ್ಟಾಪ್ (ಬೆಳಕಿನ ಅಳತೆಯ ಹಂತ) ಕಮ್ಮಿ ಮಾಡಿದ್ದರೆ ಈ ತಲೆನೋವೇ ಇಲ್ಲ.

ಆಮೇಲೆ ಹೆಸರು ಬರೆದಿಡುವ ಕೆಲಸ. ಟ್ರಾಮಿನ ಸಂಖ್ಯೆ, ಕಾರಿನ ಮಾದರಿ ಮತ್ತು ವರ್ಷ, ಹಡಗಿನ ಐಎಂಒ (ಅಂತರರಾಷ್ಟ್ರೀಯ ಕಡಲ ಸಂಸ್ಥೆಯ) ಸಂಖ್ಯೆ. ಹಡಗಿನ ಹೆಸರು, ಬಣ್ಣ, ಮಾಲೀಕರು, ಬಾವುಟ ಎಲ್ಲ ಬದಲಾಗಬಹುದು. ಈ ಏಳು ಅಂಕಿ ಮಾತ್ರ ಹಡಗು ಒಡೆಯುವ ತನಕ ಬದಲಾಗುವುದಿಲ್ಲ. ಸಾಮಾನ್ಯವಾಗಿ ಹಡಗಿನ ಹಿಂಬದಿಯಲ್ಲಿ ಹೆಸರಿನ ಕೆಳಗೆ ಬರೆದಿರುತ್ತದೆ, ಆದ್ದರಿಂದ ಹಡಗು ದಾಟಿದ ಮೇಲೂ ಒಂದು ಫೋಟೋ ತೆಗೆಯಿರಿ.

ಅಂಕಿ ಮಸುಕಾಗಿ ಬಂದಿದ್ದರೆ ಸರಿ ಓದಿದಿರಾ ಅಂತ ಪರೀಕ್ಷೆ ಮಾಡಬಹುದು. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಮೊತ್ತದ ಕೊನೆಯ ಅಂಕಿಯೇ ಏಳನೇ ಅಂಕಿ ಆಗಿರಬೇಕು. 9074729 ಅಂತ ಓದಿದಿರಿ ಅನ್ನಿ. 63, 0, 35, 16, 21, 4, ಒಟ್ಟು 139. ಕೊನೆಯದು 9, ಸರಿ. ಹೊಂದದಿದ್ದರೆ ಫೋಟೋ ಮತ್ತೆ ಹಿಗ್ಗಿಸಿ 3 ಮತ್ತು 8ರ ಮೇಲೆ ಕಣ್ಣಿಡಿ. ತುಕ್ಕಿನ ಕಲೆ ಬಿದ್ದ 3 ಎಂಟರ ಹಾಗೇ ಕಾಣುತ್ತದೆ.